ದೊಡ್ಡಮ್ಮನ ಜೇಬಿನಲ್ಲಿದ್ದ ಕಿಟಕಿ ಹಿಡಿ

ಆ ದಿನ ಬೆಳಗ್ಗೆ ಗಾಳಿಗೆ ಹುಚ್ಚು ಹಿಡಿದಿತ್ತು. ಮೋಡವಿಲ್ಲ, ಮಳೆಯಿಲ್ಲ, ಬರೀ ಗಾಳಿ. ದೇವರು ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟ ಆ ಗಾಳಿ ಬೀದಿಯ ಕಸವನ್ನೆಲ್ಲ ಎತ್ತಿ ಕುಣಿಸಿ ಎಲ್ಲರ ಮನೆಗೂ ನುಗ್ಗಿತು, ಬ್ಯಾಂಡಿನ ತುತ್ತೂರಿಯವನ ಅಡುಗೆಮನೆಯೊಂದನ್ನು ಬಿಟ್ಟು. ಅಲ್ಲಿದ್ದ ಒಂದೇ ಕಿಟಕಿಗೆ ತಿರುಗಿಸಿ ತೆರೆಯುವ ಹಿಡಿಯೇ ಇರಲಿಲ್ಲ.

ಹಿಡಿ ಇದ್ದದ್ದು ಎದುರುಮನೆಯ ಲಾಂಡ್ರಿ ದೊಡ್ಡಮ್ಮನ ಜೇಬಿನಲ್ಲಿ. ಆಸ್ಪತ್ರೆಯ ಹಾಸುಬಟ್ಟೆ ಒಗೆಯುವ ಗುತ್ತಿಗೆ ಅವಳದು. ಬಟ್ಟೆ ಒಣಗುವ ಹಗ್ಗ ಸರಿಯಾಗಿ ಆ ಕಿಟಕಿಯ ಎದುರಿಗೇ. ಸೌದೆ ಒಲೆಯ ಹೊಗೆ ತನ್ನ ಬಿಳಿ ಬಟ್ಟೆಯ ಮೇಲೆ ಕೂತರೆ ದೊಡ್ಡಮ್ಮ ಸುಮ್ಮನಿರುವಳೆ? ಸಾವಿರ ಜನರ ಮುಂದೆ ಎದೆಯುಬ್ಬಿಸಿ ತುತ್ತೂರಿ ಊದುವ ಗಂಡಸು, ಅವಳು ಸೊಂಟಕ್ಕೆ ಕೈಯಿಟ್ಟ ಕೂಡಲೇ ತಾನೇ ಸ್ಕ್ರೂ ಬಿಚ್ಚಿ ಹಿಡಿಯನ್ನು ಒಪ್ಪಿಸಿಬಿಟ್ಟ. ಆಸ್ಪತ್ರೆಯ ಕೆಲಸ ಮುಗಿದ ದಿನ ವಾಪಸ್ ಕೊಡುತ್ತೇನೆಂದು ಅವಳ ಮಾತು. ಹನ್ನೊಂದು ತಿಂಗಳಾಯಿತು. ಜನ ಕಾಯಿಲೆ ಬೀಳುವುದನ್ನು ನಿಲ್ಲಿಸಲಿಲ್ಲ.

ತುತ್ತೂರಿಯವನ ಮನೆಯಲ್ಲಂತೂ ನಿಲ್ಲಿಸಲೇ ಇಲ್ಲ. ಮಗಳಿಗೆ ಬಿಡದ ಕೆಮ್ಮು. ಹೆಂಡತಿಯ ಕಣ್ಣು ಈರುಳ್ಳಿಯ ಹಂಗಿಲ್ಲದೆ ಸುರಿಯುತ್ತಿತ್ತು. ಅದನ್ನೆಲ್ಲ ಅವಳು ನುಂಗಿಕೊಂಡಳು. ಆದರೆ ಮನೆಗೆ ಅನ್ನ ಹಾಕುತ್ತಿದ್ದದ್ದು ಗಂಡನ ಉಸಿರು, ಅದೇ ಈಗ ಕೈಕೊಟ್ಟಿತ್ತು. ಒಂದು ಸ್ವರವನ್ನು ಇಪ್ಪತ್ತು ಎಣಿಸುವ ತನಕ ಹಿಡಿಯುತ್ತಿದ್ದವನು ಒಂಬತ್ತಕ್ಕೇ ಕೆಮ್ಮಿ, ತುತ್ತೂರಿಯಿಂದ ಕತ್ತು ಹಿಸುಕಿದ ಕೋಳಿಯ ಸದ್ದು ಹೊರಡಿಸುತ್ತಿದ್ದ. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆಂದು ಬ್ಯಾಂಡ್ ಮಾಸ್ತರು ಗಡುವು ಕೊಟ್ಟಿದ್ದರು. ಡಾಕ್ಟರು ಸಿಗರೇಟು ಬಿಡು ಎಂದರು. ಜನ್ಮದಲ್ಲಿ ಸಿಗರೇಟು ಮುಟ್ಟದವನು ಅವಮಾನ ತಾಳಲಾರದೆ ಎರಡು ಪಟ್ಟು ಅಭ್ಯಾಸ ಶುರುಮಾಡಿದ. ಅದೂ ಅಡುಗೆಮನೆಯಲ್ಲಿ! ಕಿಟಕಿ ಮುಚ್ಚಿದೆಯಲ್ಲ, ಕೋಳಿಯ ಸದ್ದು ಬೀದಿಗೆ ಕೇಳಿಸದೆಂದು ಅವನ ಲೆಕ್ಕ. ಒಲೆಯ ಪಕ್ಕ ಕೂತು ಎದೆ ತುಂಬ ಉಸಿರೆಳೆದು ಊದುವನು.

"ಸೇದ್ತಿರೋದು ನಮ್ಮ ಒಲೆ. ನೀವು ಪಕ್ಕದಲ್ಲಿ ಕೂತು ಕಂಪನಿ ಕೊಡ್ತಿದೀರ," ಎಂದಳು ಹೆಂಡತಿ.

"ಹಾಗಾದ್ರೆ ಹೋಗಿ ಹಿಡಿ ಇಸ್ಕೊಂಡು ಬಾ."

"ಕೊಟ್ಟ ಧೀರರು ಯಾರೋ ಅವರೇ ಹೋಗ್ಲಿ."

ಧೀರರು ತುತ್ತೂರಿ ಒರೆಸತೊಡಗಿದರು.

ಆ ಹೊತ್ತಿಗೇ ಹುಚ್ಚು ಗಾಳಿ ಒಂದು ಹಾಸುಬಟ್ಟೆಯನ್ನು ಹಗ್ಗದಿಂದ ಕಿತ್ತು ತಂದು ಅವರ ಬಾಗಿಲಲ್ಲಿ ಬಿಸಾಕಿತು. ಅವಳು ಎತ್ತಿಕೊಂಡು ಕೊಡಲು ಹೊರಟಳು. ಎರಡು ಹೆಜ್ಜೆ ಇಟ್ಟು ನಿಂತಳು. ಹಾಲಿನಂಥ ಬಿಳುಪು. "ನಾಲ್ಕು ದಿನ ಕಣ್ಣು ಮುಚ್ಕೊಂಡಿರಪ್ಪ ದೇವರೇ," ಎಂದು ಒಳಗೆ ಒಯ್ದು ಅಡುಗೆಮನೆಯಲ್ಲಿ ನೇತುಹಾಕಿದಳು. ಆ ಹೊಗೆಯಲ್ಲಿ ದೇವರಾದರೂ ಕಣ್ಣು ಬಿಡುವುದು ಹೇಗೆ?

ನಾಲ್ಕು ದಿನವೂ ದೊಡ್ಡಮ್ಮ ಬಟ್ಟೆ ಕದ್ದವರ ವಂಶಕ್ಕೆಲ್ಲ ಶಾಪ ಹಾಕುತ್ತ ಮನೆಮನೆ ತಿರುಗಿದಳು. ಇವಳು ತಲೆತಗ್ಗಿಸಿ ಹೂಂಗುಟ್ಟಿದಳು. ಐದನೆಯ ದಿನ ಬಟ್ಟೆಯನ್ನು ನೀಟಾಗಿ ಮಡಿಸಿ ತೆಗೆದುಕೊಂಡು ಹೋದಳು.

"ಇದರಲ್ಲಿ ಬಾಣಲೆ ಒರೆಸಿದ್ಯೇನೇ?" ಎಂದಳು ದೊಡ್ಡಮ್ಮ.

"ಯಾರೂ ಮುಟ್ಟಿಲ್ಲ ದೊಡ್ಡಮ್ಮ. ನಮ್ಮ ಅಡುಗೆಮನೇಲಿ ನಾಲ್ಕು ದಿನ ಸುಮ್ನೆ ನೇತಾಡ್ತಿತ್ತು. ನಾವು ಹನ್ನೊಂದು ತಿಂಗಳಿಂದ ನೇತಾಡ್ತಿದೀವಿ."

ದೊಡ್ಡಮ್ಮ ಬಟ್ಟೆಯ ಮಡಿಕೆ ಬಿಡಿಸಿ ಮೂಸಿದಳು. ರಕ್ತ, ಔಷಧಿ, ಮುಲಾಮು ಯಾವ ಕಲೆಯೂ ಜೀವಮಾನದಲ್ಲಿ ಅವಳನ್ನು ಸೋಲಿಸಿರಲಿಲ್ಲ. ಅಂದೇ ಹಂಡೆಗೆ ಹಾಕಿ ಕುದಿಸಿದಳು. ಮರುದಿನ ಇನ್ನೊಮ್ಮೆ. ಮೂರನೆಯ ದಿನ ಕಲ್ಲಿಗೆ ಬಡಿದ ಸದ್ದು ಬೀದಿಗೆಲ್ಲ ಕೇಳಿಸಿತು. ಹೆಂಡತಿ ಕಿಟಕಿಯ ಗಾಜಿನ ಮಸಿಯನ್ನು ಅಂಗೈಯಿಂದ ಒರೆಸಿ ನೋಡಿದಳು: ಹಗ್ಗದ ಮೇಲೆ ಸಾಲು ಬಿಳಿಯ ನಡುವೆ ಅದೊಂದು ಬೂದಿಬಣ್ಣ. ಬೆನ್ನ ಹಿಂದೆ ತುತ್ತೂರಿ ಊದುತ್ತಿದ್ದ ಗಂಡ ಮತ್ತೆ ಒಂಬತ್ತಕ್ಕೇ ಕೆಮ್ಮಿದ. ಎದುರಿಗೆ ದೊಡ್ಡಮ್ಮ ತಲೆಯೆತ್ತಿ ಕಿವಿಗೊಟ್ಟಳು. ಅಲ್ಲಿಯವರೆಗೆ ಆ ಸದ್ದು ಕೇಳಿದಾಗಲೆಲ್ಲ ಅವನಿಗೆ ಊದಲು ಬರುವುದಿಲ್ಲವೆಂದೇ ಅವಳು ತಿಳಿದಿದ್ದಳಂತೆ.

ಮಾರನೆಯ ಬೆಳಗ್ಗೆ ಗಾಳಿ ಅಡಗಿತ್ತು. ಎದುರಿಗಿದ್ದ ಹಗ್ಗ ಮಾಯವಾಗಿ ದೊಡ್ಡಮ್ಮನ ಮನೆಯ ಹಿಂಬದಿಗೆ ಹೋಗಿತ್ತು. ಗಡುವಿಗೆ ಇನ್ನೂ ಹನ್ನೆರಡು ದಿನವಿತ್ತು.

ಬಾಗಿಲು ತೆಗೆದರೆ ದೊಡ್ಡಮ್ಮ. ಜೇಬಿಗೆ ಕೈಹಾಕಿ ಹಿಡಿಯನ್ನು ತೆಗೆದು ಇವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿ, ತಿರುಗಿ ನಡೆದಳು. ಹಿಡಿ ಬೆಚ್ಚಗಿತ್ತು. ಜೊತೆಗೆ ನಾಲ್ಕು ಸ್ಕ್ರೂ, ಒಂದೂ ಕಡಿಮೆಯಿಲ್ಲ.