ಚನ್ನವೀರೇಶರ ಹಿಂಗೈ

ಚನ್ನವೀರೇಶರು ಲೋಕವನ್ನು ಹಿಂಗೈಯಿಂದ ಮುಟ್ಟಿ ತಿಳಿಯುವವರು. ಜ್ವರ ಬಂದ ಮಗುವಿನ ಹಣೆಗೆ ತಾಯಿ ಕೈಯ ಹಿಂಬದಿಯನ್ನು ತಾಗಿಸುತ್ತಾಳಲ್ಲ, ಹಾಗೆಯೇ ಅವರು ಕಾಫಿಯ ಲೋಟವನ್ನೂ ಬಿಸಿಲಿಗೆ ಕಾದ ಗೇಟನ್ನೂ, ಮೂಡಲಪಾಳ್ಯದ ತಮ್ಮ ಮನೆಯ ಮಹಡಿಯಲ್ಲಿ ದಿನವಿಡೀ ಗುಂಯ್‌ಗುಡುವ ಒಂದು ಕರಿಯ ಪೆಟ್ಟಿಗೆಯನ್ನೂ ಮುಟ್ಟಿ, ಕಣ್ಣು ಅರೆಮುಚ್ಚಿ, ಒಂದೇ ಮಾತನ್ನು ಹೇಳುತ್ತಾರೆ: "ಸ್ವಲ್ಪ ಉಸಿರಾಡ್ಲಿ ಬಿಡಿ." ಪೆಟ್ಟಿಗೆಗೆ ಸಲ್ಲುವ ಈ ಕರುಣೆ ಬಸ್ಸಿಳಿದು ಏದುಸಿರು ಬಿಡುತ್ತ ಬರುವ ನನ್ನಂಥ ಪ್ರವಚನಕಾರನಿಗೂ ಸಲ್ಲುತ್ತದೆ, ತಮಗೆ ಮಾತ್ರ ಅವರು ಅದನ್ನು ಸಲ್ಲಿಸಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ದೋಷ ಹುಡುಕುತ್ತಲೇ ಆಯುಷ್ಯ ಸವೆಸಿ ನಿವೃತ್ತರಾದವರು. ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ತೋಳಿಲ್ಲದ ಸ್ವೆಟರು. ಉಳಿದವರು ಪೆನ್ನಿಡುವ ಜೇಬಿನಲ್ಲಿ ಸ್ಕ್ರೂಡ್ರೈವರು. ಮಹಡಿಯಿಂದ ಇಳಿಯುವಾಗ ಪ್ರತಿ ಮೆಟ್ಟಿಲಿನ ಮೇಲೂ ಎರಡೂ ಪಾದಗಳನ್ನು ಜೋಡಿಸಿ, ಮುಂದಿನ ಮೆಟ್ಟಿಲಿನ ಅನುಮತಿಗಾಗಿ ಕಾಯುವವರಂತೆ ನಿಂತು, ಮತ್ತೆ ಇಳಿಯುತ್ತಾರೆ. ಆಯಾಸವೆಂಬುದು ಆ ಮನೆಯಲ್ಲಿ ಬಹುಕಾಲದಿಂದ ಉಳಿದುಕೊಂಡ ನೆಂಟನಂತಿತ್ತು. ಹೊರಡೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಶ್ರಾವಣ ಬಂತೆಂದರೆ ನಮ್ಮ ಶರಣಬಂಧುಗಳ ಮನೆಮನೆಯಲ್ಲಿ ಸಂಜೆಯ ಪ್ರವಚನ ನಡೆಯುತ್ತದೆ. ಮಾತು ನನ್ನದು; ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದು ಚನ್ನವೀರೇಶರದು; ಕೊನೆಯಲ್ಲಿ ಎದ್ದು, ಹೂವು ತಂದವರಿಂದ ಹಿಡಿದು ಚಾಪೆ ಹಾಸಿದವರವರೆಗೆ ಎಲ್ಲರಿಗೂ ವಂದನೆ ಹೇಳುವುದು ಅವರ ಭಾವ ಸಿದ್ದಬಸಪ್ಪನವರದಾಗಿತ್ತು. ಹಾಗೆ ಹಿಡಿದ ವರ್ಷವರ್ಷಗಳ ದೃಶ್ಯಗಳೆಲ್ಲ ಕಂಪ್ಯೂಟರೇ ಆದ ಆ ಕರಿಯ ಪೆಟ್ಟಿಗೆಯೊಳಗಿವೆ. ಬೇಕೆಂದಾಗ ಅದು ಅವನ್ನು ಕೆಳಮನೆಯ ಟಿವಿಗೆ ಕಳುಹಿಸುತ್ತದೆ. ಸಿದ್ದಬಸಪ್ಪನವರು ಲಿಂಗೈಕ್ಯರಾದ ಮೇಲೆ ಕೆಳಮನೆಯಲ್ಲಿರುವವರು ಅವರ ಪತ್ನಿ, ಚನ್ನವೀರೇಶರ ಅಕ್ಕ ಶಿವಗಂಗಮ್ಮನವರು. ಆಕೆಗೆ ಈಗ ಕಿವಿ ಪೂರ್ತಿ ಕೇಳಿಸದು. ಆದ್ದರಿಂದ ಚನ್ನವೀರೇಶರು ಆ ದೃಶ್ಯಗಳ ಪ್ರತಿ ಮಾತನ್ನೂ ಟೈಪು ಮಾಡಿ ಚಿತ್ರದ ಅಡಿಯಲ್ಲಿ ಮೂಡುವಂತೆ ಮಾಡಿದ್ದರು. ಆದರೆ ಆ ಹಳೆಯ ಟಿವಿಗೆ ಕನ್ನಡದ ಅಕ್ಷರಗಳನ್ನು ಜೋಡಿಸಲು ಬಾರದು, ಹೊಸ ಬಗೆಯ ವೀಡಿಯೊಗಳನ್ನು ಬಿಚ್ಚಲೂ ಬಾರದು. ಹೀಗಾಗಿ ಅಕ್ಕ ನೋಡುತ್ತಿರುವಂತೆಯೇ ಪೆಟ್ಟಿಗೆ ಆ ಅಕ್ಷರಗಳನ್ನು ಚಿತ್ರದ ಮೇಲೆ ಬರೆದು, ಇಡೀ ದೃಶ್ಯವನ್ನು ಟಿವಿ ಅರಗಿಸಿಕೊಳ್ಳುವ ರೂಪಕ್ಕೆ ಮರುಹೆಣೆದು ಕೆಳಕ್ಕೆ ಬಿಡಬೇಕಿತ್ತು. ಈ ಮರುಹೆಣಿಗೆಗೆ ಟ್ರಾನ್ಸ್‌ಕೋಡಿಂಗ್ ಎಂಬ ಮಾತನ್ನು ನಾನು ಕಲಿತದ್ದು ಅವರ ಬಾಯಿಂದಲೇ.

"ಒಂದು ಸಲ ಅಕ್ಷರ ಸೇರಿಸಿ ಕಾಪಿ ಮಾಡಿಟ್ಟುಬಿಡಿ, ಈ ತಾಪತ್ರಯ ಯಾಕೆ?" ಎಂದು ನಾನೊಮ್ಮೆ ಬುದ್ಧಿ ಹೇಳಿದ್ದೆ.

"ತಪ್ಪೂ ಅದ್ರಲ್ಲೇ ಕೂತ್ಬಿಡತ್ತಲ್ಲ ಅಯ್ನೋರೇ. ಅಕ್ಕ ದಿನಾ ತಿದ್ದಿಸ್ತಾಳೆ."

ನಿಜ. ಶಿವಗಂಗಮ್ಮನವರು ಅಡಿಯ ಅಕ್ಷರಗಳಿಗಿಂತ ಮೇಲಿನ ತುಟಿಗಳನ್ನು ನಂಬುವವರು. "ಅವ್ರು ಹಾಗಂದಿಲ್ಲ ಕಣೋ, 'ಶರಣರು' ಅಂತಾರೆಯೇ ಹೊರತು 'ಬಂಧುಗಳು' ಅನ್ನಲ್ಲ," ಎಂದು ಅಲ್ಲಲ್ಲೇ ಚಿತ್ರ ನಿಲ್ಲಿಸುತ್ತಿದ್ದರು. ಚನ್ನವೀರೇಶರು ಎರಡೆರಡು ಪಾದ ಜೋಡಿಸುತ್ತ ಮಹಡಿಗೆ ಹೋಗಿ, ತಿದ್ದಿ, ಮತ್ತೆ ಇಳಿದು ಬರುತ್ತಿದ್ದರು. "ನಾನೇ ಬರೀತೀನಿ ಕೊಡೋ, ಮೊಬೈಲಲ್ಲಿ ಬರಿಯಲ್ವಾ?" ಎಂದು ಅಕ್ಕ ಕೇಳಿದರೆ, "ಏನಾದ್ರೂ ಅಳಿಸಿಹೋದ್ರೆ ಭಾವ ಮತ್ತೆ ಬಂದು ಮಾತಾಡ್ತಾರಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಈ ಶ್ರಾವಣಕ್ಕೆ ಪೆಟ್ಟಿಗೆ ಸೋತಿತು. ಸಿದ್ದಬಸಪ್ಪನವರ ಕೊನೆಯ ವರ್ಷ ಹೊಸ ಕ್ಯಾಮೆರಾದಲ್ಲಿ ಹಿಡಿದಿದ್ದ ಭಾರಿ ವೀಡಿಯೊಗಳ ಸರದಿ ಬಂದಾಗ, ಅವನ್ನು ಹೆಣೆಯಲಾರದೆ ಕಾದು ಕೆಂಡವಾಯಿತು; ದೃಶ್ಯ ತಡೆತಡೆದು ಓಡತೊಡಗಿತು. ಸಿದ್ದಬಸಪ್ಪನವರು ಕೈಯೆತ್ತಿದವರು ಮರುಕ್ಷಣ ಕೈ ಮುಗಿದಿರುತ್ತಿದ್ದರು; ನಡುವಿನ ತುಟಿಯ ಚಲನೆ ಮಾಯ.

"ಇವ್ನ ಪೆಟ್ಟಿಗೆ ನಮ್ಮನೆಯವ್ರ ಬಾಯನ್ನೇ ನುಂಗ್ತಾ ಇದೆ ಅಯ್ನೋರೇ," ಎಂದು ಶಿವಗಂಗಮ್ಮ ನಗಲು ನೋಡಿದರು. ಆಮೇಲೆ ರಿಮೋಟನ್ನು ದಿಂಬಿನ ಕೆಳಗೆ ತಳ್ಳಿ, "ಸಾಕು ಬಿಡೋ. ನಾನು ನೋಡಲ್ಲ ಇನ್ನ," ಎಂದರು.

ಆ ಮಾತಿಗೆ ತಮ್ಮನ ಮುಖದಲ್ಲಿ ಮೂಡಿದ ದಣಿವನ್ನು ನಾನು ಬಲ್ಲೆ. ಸಭೆಯಲ್ಲಿ ಎಲ್ಲರೂ ಎದ್ದುಹೋದ ಮೇಲೆ ಚಾಪೆ ಮಡಿಸುವವರ ಮುಖದಲ್ಲಿ ಅದನ್ನು ಕಂಡಿದ್ದೇನೆ.

ಪೆಟ್ಟಿಗೆಯ ಪ್ರೊಸೆಸರಿನೊಳಗೇ ವೀಡಿಯೊ ಹೆಣೆಯುವುದಕ್ಕೆಂದೇ ಬೇರೊಂದು ಭಾಗವಿದೆಯೆಂದೂ, ಕೆಲಸವನ್ನು ಅದಕ್ಕೆ ಒಪ್ಪಿಸಿದರೆ ಹೊರೆ ಹಗುರವಾಗುತ್ತದೆಂದೂ ಅವರು ಓದಿ ತಿಳಿದು, ಆ ಏರ್ಪಾಟನ್ನು ಎಂದೋ ಆನ್ ಮಾಡಿದ್ದರು. ಆದರೂ ಬಿಸಿ ಇಳಿದಿರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ನಾನು ಮಹಡಿಗೆ ಹೋದಾಗ ಅವರು ಲ್ಯಾಪ್‌ಟಾಪಿನ ಮುಂದೆ ತಮ್ಮ ಮೇಲೆ ತಾವೇ ನಗುತ್ತ ಕೂತಿದ್ದರು.

"ಪರಿಹಾರ ಕೈಯಳತೇಲೇ ಇತ್ತು ಅಯ್ನೋರೇ. ಭಾವನ ವೀಡಿಯೊ ಅಳಿಸಿಬಿಟ್ಟೀತು ಅಂತ ಹೆದ್ರಿ, ಈ ವೀಡಿಯೊ ಕಳ್ಸೋ ಪ್ರೋಗ್ರಾಮು ಏನನ್ನೂ ಮುಟ್ಟದ ಹಾಗೆ ನಾನೇ ಕಟ್ಟಿಹಾಕಿದ್ದೆ. ವೀಡಿಯೊ ಹೆಣೆಯೋ ಆ ಭಾಗಾನ ಮುಟ್ಟೋಕೂ ಅದಕ್ಕೆ ಪರ್ಮಿಷನ್ ಇರ್ಲಿಲ್ಲ. ಆಗಲ್ಲ ಅಂತ ಬಾಯಿಬಿಟ್ಟೂ ಹೇಳ್ಲಿಲ್ಲ ನೋಡಿ, ಎಲ್ಲಾ ಭಾರ ಒಂದೇ ಹೊತ್ಕೊಂಡು ಬೇಯ್ತಾ ಇತ್ತು."

ಅನುಮತಿ ಕೊಟ್ಟರು. ಹಿಂಗೈ ಪೆಟ್ಟಿಗೆಯ ಮೇಲೆ ಬಹಳ ಹೊತ್ತು ಇತ್ತು. ಫ್ಯಾನಿನ ಆರ್ಭಟ ಮೆಲ್ಲಮೆಲ್ಲನೆ ತಗ್ಗಿತು.

ಕೆಳಗೆ, ದಿಂಬಿನಡಿಯ ರಿಮೋಟನ್ನು ಚನ್ನವೀರೇಶರೇ ತೆಗೆದರು. ಚಿತ್ರ ನೀರಿನಂತೆ ಹರಿಯಿತು. ಸಿದ್ದಬಸಪ್ಪನವರು ವಂದನೆ ಮುಗಿಸಿ, ಮೈಕಿನಿಂದ ಪಕ್ಕಕ್ಕೆ ಸರಿದು, ಅಡುಗೆಮನೆಯ ಕಡೆ ತಿರುಗಿ ಏನೋ ಹೇಳಿದರು. ಅದು ಧ್ವನಿಯಲ್ಲಿ ದಾಖಲಾಗಿರಲಿಲ್ಲ; ಅಡಿಯಲ್ಲಿ ಅಕ್ಷರವಿರಲಿಲ್ಲ. ಶಿವಗಂಗಮ್ಮ ಮುಂದಕ್ಕೆ ಬಾಗಿದರು. ಮತ್ತೊಮ್ಮೆ ಹಾಕಿಸಿ ನೋಡಿದರು.

"'ಗಂಗಾ, ಮಜ್ಜಿಗೆ ಎಲ್ರಿಗೂ ಸಾಕಾಗತ್ತಾ' ಅಂತ ಕೇಳ್ತಾ ಇದಾರೆ," ಎಂದವರು ಪರದೆಯ ಕಡೆಗೇ ತಿರುಗಿ, "ಸಾಕಾಯ್ತು ಕಣ್ರೀ. ಉಳೀತು ಕೂಡಾ," ಎಂದರು.

ಆ ಮಾತನ್ನು ಅಡಿಯಲ್ಲಿ ಸೇರಿಸಲು ಚನ್ನವೀರೇಶರು ಮೆಟ್ಟಿಲಿನ ಕಡೆ ಹೊರಟರು. ಮೊದಲ ಮೆಟ್ಟಿಲಿನ ಮೇಲೆ ಪಾದ ಜೋಡಿಸಿ ನಿಂತವರು ಯಾಕೋ ಮೇಲೆ ಹತ್ತಲಿಲ್ಲ. ನನ್ನ ಕಡೆ ತಿರುಗಿ, ಲ್ಯಾಪ್‌ಟಾಪ್ ತಂದುಕೊಡಲು ಸನ್ನೆ ಮಾಡಿದರು. ನಾನು ತಂದೆ. ಅವರು ಅದನ್ನು ಅಕ್ಕನ ತೊಡೆಯ ಮೇಲಿಟ್ಟು, ಆಕೆಗೆ ತುಟಿ ಕಾಣುವಂತೆ ಎದುರು ಕೂತು, ನಿಧಾನವಾಗಿ ಹೇಳಿದರು: "ನೀನೇ ಬರಿ."

"ಅಳಿಸಿಬಿಟ್ರೆ?"

"ಅಳ್ಸಲ್ಲ ನೀನು."

ಆಕೆ ಒಂದೊಂದೇ ಅಕ್ಷರ ಒತ್ತಿ ಮಜ್ಜಿಗೆಯ ಮಾತನ್ನು ಬರೆದು ಮುಗಿಸುವಷ್ಟರಲ್ಲಿ ಚನ್ನವೀರೇಶರು ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು. ಶಿವಗಂಗಮ್ಮ ಕೈ ಚಾಚಿ, ತಮ್ಮನ ಹಣೆಗೆ ಹಿಂಗೈ ತಾಗಿಸಿ ನೋಡಿ, ನನಗೆ ಸುಮ್ಮನಿರುವಂತೆ ಬೆರಳು ತೋರಿಸಿದರು.

ಪ್ರೀತಿಸಿದ್ದನ್ನು ಕಾಯುವ ಭಾರವನ್ನು ಒಬ್ಬರೇ ಹೊತ್ತು ಕಾದುಹೋಗುವ ಇಂಥ ಜೀವಗಳು ನಮ್ಮ ಓಣಿಗಳಲ್ಲಿ ಬಹಳ. ಸೋತೆನೆಂದು ಅವರು ಹೇಳುವುದಿಲ್ಲ; ಇನ್ನೊಬ್ಬರ ಕೈ ತಾಗಿದರೆ ಆ ಅಮೂಲ್ಯವಾದದ್ದು ಒಡೆದೀತೆಂದು ಅಂಜಿ, ಪಕ್ಕದಲ್ಲೇ ಕೂತ ನೆರವಿಗೂ ಬಾಗಿಲು ಹಾಕಿರುತ್ತಾರೆ. ಭಗವಂತನು ನೆರವನ್ನು ಅಷ್ಟೇನೂ ದೂರದಲ್ಲಿ ಇಟ್ಟಿರಲಾರನೆಂದು ಪ್ರವಚನದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದನ್ನು ಒಳಗೆ ಬಿಟ್ಟುಕೊಳ್ಳಲು ಇಂಥವರಿಗೆ ಎಷ್ಟು ದಣಿವು ಬೇಕಾಗುತ್ತದೆಂಬುದನ್ನು ಮಾತ್ರ ಅಂದು, ಆ ಮಲಗಿದ ಮುಖದೆದುರು ಸದ್ದಿಲ್ಲದೆ ಕೂತು ತಿಳಿದುಕೊಂಡೆ.