ದೊಡ್ಡ ಡಾಕ್ಟರ ಬೈಗುಳದ ತಾಲೀಮು

"ಯಾವಳೇ ನಿನ್ನನ್ನ ಒಳಗೆ ಬಿಟ್ಟೋಳು? ಬ್ಲೀಚಿಂಗ್ ಪೌಡರ್ ನಾತ ಮೂಗಿಗೆ ಹೊಡೀತಿದೆ. ಥೂ, ದೂರ ನಿಲ್ಲೇ ದರಿದ್ರದೋಳೆ!"

ಹುಡುಗಿ ಹಿಂದಕ್ಕೆ ಸರಿದಳು.

"ಸರೀಬೇಡ್ವೇ ಕತ್ತೆ! ಸರಿದ್ರೆ ಸೀಟು ಹೋಯ್ತು ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ?"

ಮೊದಲು ಬೈದವರು ದೊಡ್ಡ ಡಾಕ್ಟರು, ಆಮೇಲೆ ಬೈದವಳು ಚಿಕ್ಕಮ್ಮ. ಬಾಯಿ ಮಾತ್ರ ಒಂದೇ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಇಸ್ತ್ರಿಗೆ ಬಂದಿದ್ದ ಬಿಳಿ ಕೋಟು ತೊಟ್ಟು, ಹೊಟ್ಟೆಗೊಂದು ದಿಂಬು ಕಟ್ಟಿಕೊಂಡು ಚಿಕ್ಕಮ್ಮ ಅತ್ತಿಂದಿತ್ತ ತಿರುಗುತ್ತಿದ್ದಳು. ನಿಜವಾದ ದೊಡ್ಡ ಡಾಕ್ಟರು ಕೂಡ ಅಷ್ಟು ಚೆನ್ನಾಗಿ ದೊಡ್ಡ ಡಾಕ್ಟರ ಹಾಗೆ ಕಾಣುತ್ತಿರಲಿಲ್ಲ.

ಹುಡುಗಿ ಅವಳ ಅಕ್ಕನ ಮಗಳು. ಡಾಕ್ಟರ್ ಓದೋ ಪರೀಕ್ಷೆ ಬರೆದು ಪಾಸಾಗಿದ್ದಳು. ಇನ್ನು ಇಂಟರ್‌ವ್ಯೂ ಒಂದು ಬಾಕಿ.

"ಅಲ್ಲಿ ಏನು ನೋಡ್ತಾರಂತೆ?" ಹಂಡೆಯಲ್ಲಿ ಹಾಸಿಗೆ ಬಟ್ಟೆ ತಿರುವುತ್ತಾ ಅಕ್ಕ ಕೇಳಿದಳು.

"ಪರ್ಸನಾಲಿಟಿ ಅಂತೆ," ಅಂದ ಆಚೆ ಇಸ್ತ್ರಿ ತಿಕ್ಕುತ್ತಿದ್ದ ಮಾವ.

"ಹಂಗಂದ್ರೆ?"

"ಅದು ಅವರ ಹತ್ರ ಇರುತ್ತೆ, ನಮ್ಮ ಹತ್ರ ಇರಲ್ಲ. ಇದೆಯಾ ಅಂತ ಕರೆಸಿ ಕೇಳ್ತಾರೆ."

ಹಾಗಾಗಿ ಈ ತಾಲೀಮು. ಬೇರೆ ವಿಷಯಕ್ಕೆ ಪುಸ್ತಕ ಬೇಕು, ಬೈಸಿಕೊಳ್ಳೋಕೆ ಏನು ಬೇಕು? ಈ ಕೋಣೆಯಲ್ಲಿ ಎಲ್ಲರೂ ಅದರಲ್ಲಿ ಪಳಗಿದವರೇ. ಮೊದಲ ದಿನ ಹುಡುಗಿ ಅತ್ತಳು. ಆಮೇಲೆ ಹಲ್ಲು ಕಚ್ಚಿದಳು. ಈಗೀಗ ಚಿಕ್ಕಮ್ಮ ಅವಳ ವಂಶವನ್ನೆಲ್ಲ ಜಾಲಾಡುತ್ತಿದ್ದರೆ ಆಕಳಿಸಿ, ಪಟ್ಟನೆ ಒಂದು ಉತ್ತರ ಎಸೆಯುವಷ್ಟು ಗಟ್ಟಿಯಾಗಿದ್ದಳು. ತನ್ನ ವಂಶವೂ ಅದೇ ಅನ್ನೋದು ಚಿಕ್ಕಮ್ಮನಿಗೆ ನಡುನಡುವೆ ನೆನಪಾಗಿ ಸ್ವಲ್ಪ ಕಸಿವಿಸಿಯಾಗುತ್ತಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಸಾಕ್ಷಾತ್ ದೊಡ್ಡ ಡಾಕ್ಟರೇ ಬಾಗಿಲಿಗೆ ಬಂದರು. ಕೋಟಿನ ಗುಂಡಿ ಕಿತ್ತುಹೋಗಿತ್ತು. ಕೋಟನ್ನು ಅಕ್ಕನ ಮುಖಕ್ಕೆ ಎಸೆದು ಶುರುಮಾಡಿದರು. "ಒಂದು ಗುಂಡಿ ನೆಟ್ಟಗೆ ಉಳಿಸೋಕೆ ಬರಲ್ವಾ ನಿಮ್ಗೆ? ದರಿದ್ರ ಮುಂಡೇವಾ! ಸಂಬಳ ಬೇರೆ ಕೇಡು!"

ಅಕ್ಕ ಕೋಟು ಹಿಡಿದು ತಲೆ ತಗ್ಗಿಸಿದಳು. ಚಿಕ್ಕಮ್ಮನೂ ತಗ್ಗಿಸಿದಳು, ಆದರೆ ಪಾಠ ಕೇಳುವವಳ ಹಾಗೆ ಕಿವಿಯೆಲ್ಲ ತೆರೆದಿತ್ತು.

"ಇವಳ್ಯಾರು? ಇನ್ನೊಂದನ್ನ ಸೇರಿಸ್ಕೊಂಡ್ರಾ?"

"ನನ್ನ ಮಗಳು ಸಾರ್. ಇಂಟರ್‌ವ್ಯೂಗೆ ಬರ್ತಾಳೆ."

"ಆಯಾ ಕೆಲಸಕ್ಕಾ?"

"ಡಾಕ್ಟರ್ ಓದೋಕೆ ಸಾರ್."

ಅವರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. ನಕ್ಕರು. "ಬರಲಿ, ಬರಲಿ. ಅಲ್ಲಿ ನಾನೇ ಕೂತಿರ್ತೀನಲ್ಲ."

ಅವರು ಹೋದ ಮೇಲೆ ಅಕ್ಕ ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ಮಾತ್ರ ಹಣೆ ಚಚ್ಚಿಕೊಂಡಳು. "ಛೇ! 'ಮುಂಡೇವಾ' ಅನ್ನೋ ಮುಂಚೆ ಉಸಿರು ಎಳ್ಕೋತಾನೆ ಕಣ್ರೇ ಬೋಳಿಮಗ! ಅದನ್ನ ಬಿಟ್ಟೇಬಿಟ್ಟಿದ್ದೆ. ಬಾರೇ, ಇನ್ನೊಂದ್ಸಲ."

ಇಂಟರ್‌ವ್ಯೂ ದಿನ ಆಸ್ಪತ್ರೆಗೆ ಸೇರಿದ ಕಾಲೇಜಿನ ಮೀಟಿಂಗ್ ಕೋಣೆಯ ಮೇಜಿಗೆ ಬಟ್ಟೆ ಹಾಸಿ, ನೀರು ಕೊಡೋ ಕೆಲಸವನ್ನು ಚಿಕ್ಕಮ್ಮ ಕಾಡಿಬೇಡಿ ಗಿಟ್ಟಿಸಿಕೊಂಡಿದ್ದಳು. ಜಗ್ ಹಿಡಿದು ಮೂಲೆಯಲ್ಲಿ ನಿಂತಳು. ನೀರು ಹಾಕೋಳನ್ನ ಯಾರೂ ನೋಡೋದಿಲ್ಲ, ಗೋಡೆಗೆ ಒಂದು ಸೀರೆ ಉಡಿಸಿದ ಹಾಗೆ. ಮೇಜಿನ ನಡುವೆ ದೊಡ್ಡ ಡಾಕ್ಟರು, ಆಚೆ ಕನ್ನಡಕದ ಮೇಡಮ್ಮು, ಈಚೆ ಸರ್ಕಾರದ ಕಡೆಯವರೊಬ್ಬರು.

ಹುಡುಗಿ ಬಂದಳು. ದವಡೆ ಬಿಗಿದು, ಏಟಿಗೆ ತಯಾರಾದ ಪೈಲ್ವಾನನ ಹಾಗೆ.

ದೊಡ್ಡ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. "ಬಾಮ್ಮಾ ಬಾ, ಕೂತ್ಕೋ. ಊಟ ಆಯ್ತಾ?"

ಯಾರಿಗೆ ಹೇಳಿದರು ಅಂತ ಹುಡುಗಿ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ನಿನಗೇ ಮಗು. ಹೆದರ್ಬೇಡ, ನಮ್ಮನೆ ಕೂಸಿದ್ದ ಹಾಗೆ ನೀನು. ಯಾಕೆ ಡಾಕ್ಟರ್ ಆಗ್ಬೇಕು ಅಂತಿದ್ದೀಯಾ? ನಿಧಾನವಾಗಿ ಹೇಳು."

ಹುಡುಗಿ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ.

ಚಿಕ್ಕಮ್ಮ ಜಗ್ಗನ್ನು ಎದೆಗೆ ಅವುಚಿಕೊಂಡಳು. ಎಂಥೆಂಥ ಬೈಗುಳಕ್ಕೆ ತಯಾರು ಮಾಡಿದ್ದರು! ಈ ಬೆಣ್ಣೆ ಮಾತಿಗೆ ತಯಾರು ಮಾಡಲು ಯಾರಿಗೂ ಹೊಳೆದಿರಲಿಲ್ಲ. ಹೊಳೆಯೋದಾದರೂ ಹೇಗೆ? ಒಗೆಯೋ ಕೋಣೆಯಲ್ಲಿ 'ಕೂತ್ಕೋ' ಅಂತ ಒಬ್ಬ ಡಾಕ್ಟರ ಬಾಯಲ್ಲಿ ಕೇಳಿದವರು ಇದ್ದರೆ ತಾನೆ?

ಹುಡುಗಿಯ ಕಣ್ಣು ತುಂಬಿಕೊಂಡಿತು. ಸರ್ಕಾರದವರು ಏನೋ ಕೇಳಿದರು, ಅವಳು ಮೇಜಿನ ಬಟ್ಟೆಯ ಅಂಚು ಸುರುಳಿ ಸುತ್ತತೊಡಗಿದಳು.

"ಪಾಪ," ದೊಡ್ಡ ಡಾಕ್ಟರು ಪೆನ್ನಿನ ಕ್ಯಾಪು ತೆಗೆದು ಮೇಡಮ್ಮಿನ ಕಡೆ ಬಾಗಿದರು. "ಓದಿನಲ್ಲಿ ಜಾಣೆ. ಆದ್ರೆ ಮಾತೇ ಬರಲ್ಲ ನೋಡಿ. ಪೇಷೆಂಟ್ ಹತ್ರ ಏನು ಮಾತಾಡ್ತಾಳೆ? ಇನ್ನೊಂದು ವರ್ಷ ನೋಡೋಣ, ಅಲ್ವಾ ಮಗು?"

ಹುಡುಗಿ ಹೂಂ ಅನ್ನೋ ಹಾಗೆ ತಲೆ ಆಡಿಸುವುದರಲ್ಲಿದ್ದಳು. ಅಷ್ಟರಲ್ಲಿ ಚಿಕ್ಕಮ್ಮ ಮುಂದೆ ಬಂದು ದೊಡ್ಡ ಡಾಕ್ಟರ ಲೋಟಕ್ಕೆ ನೀರು ಬಗ್ಗಿಸಿದಳು. ಲೋಟ ತುಂಬಿತು. ಚಿಕ್ಕಮ್ಮ ನಿಲ್ಲಿಸಲಿಲ್ಲ. ನೀರು ಮೇಜಿಗೆ ಇಳಿಯಿತು, ಮೇಜಿನಿಂದ ಪ್ಯಾಂಟಿಗೆ ಇಳಿಯಿತು. ಆಗಲೂ ನಿಲ್ಲಿಸಲಿಲ್ಲ.

"ಏಯ್!" ದೊಡ್ಡ ಡಾಕ್ಟರು ಚೇಳು ಕುಟುಕಿದ ಹಾಗೆ ಹಾರಿದರು. "ಕಣ್ಣು ಕಾಣಲ್ವೇನೇ? ಯಾವಳೇ ನಿನ್ನನ್ನ ಒಳಗೆ ಬಿಟ್ಟೋಳು? ದರಿದ್ರ" — ಉಸಿರು ಎಳೆದುಕೊಂಡರು — "ಮುಂಡೇವಾ!"

ಹುಡುಗಿಯ ಬೆನ್ನು ನೆಟ್ಟಗಾಯಿತು. ಮುಖಕ್ಕೆ ಕಳೆ ಬಂತು. ಪರದೇಶದಲ್ಲಿ ದಾರಿ ತಪ್ಪಿದವಳಿಗೆ ತನ್ನ ಭಾಷೆ ಕಿವಿಗೆ ಬಿದ್ದ ಹಾಗೆ.

"ಒಳಗೆ ಬಿಟ್ಟಿದ್ದು ನನ್ನ ಮಾರ್ಕ್ಸು ಸಾರ್."

"ನಿನಗಲ್ಲ, ನಾನು ಇವಳಿಗೆ ಬೈತಿದ್ದೀನಿ!"

"ಅವಳು ನಮ್ಮ ಚಿಕ್ಕಮ್ಮ. ಯಾರಿಗೆ ಬೈದ್ರೂ ಒಂದೇ ಮನೆಗೆ ಬರುತ್ತೆ. ಯಾಕೆ ಡಾಕ್ಟರ್ ಆಗ್ಬೇಕು ಅಂತ ಕೇಳಿದ್ರಲ್ಲ? ಹಂಡೆ ಮಗುಚಿ ಅಮ್ಮನ ಕಾಲು ಬೆಂದಾಗ ನಿಮ್ಮ ಹತ್ರ ಕರ್ಕೊಂಡು ಬಂದಿದ್ವಿ. ನೀವು ಬಾಗಿಲಲ್ಲೇ ನಿಲ್ಲಿಸಿ, ಮೂಗು ಮುಚ್ಕೊಂಡು, ಮುಲಾಮಿನ ಹೆಸರು ಹೇಳಿ ಕಳಿಸಿದ್ರಿ. ಮುಟ್ಟಿ ನೋಡೋ ಡಾಕ್ಟರ್ ನಮ್ಮನೇಲಿ ಒಬ್ಬರಾದ್ರೂ ಇರಲಿ ಅಂತ ಸಾರ್."

ಮೇಡಮ್ಮು ಕನ್ನಡಕ ತೆಗೆದು ಒರೆಸಿದರು. "ಮಾತು ಬರಲ್ಲ ಅಂದ್ರಲ್ಲ ಡಾಕ್ಟ್ರೇ?"

ಕೋಣೆಯಲ್ಲಿ ಬೇರೆಯವರೂ ಇದ್ದಾರೆ ಅನ್ನೋದು ದೊಡ್ಡ ಡಾಕ್ಟರಿಗೆ ಆಗ ನೆನಪಾಯಿತು. ಕರವಸ್ತ್ರದಿಂದ ತೊಡೆ ಒತ್ತಿಕೊಂಡು ಕೂತರು. ಕಷ್ಟಪಟ್ಟು ಮುಖದ ಮೇಲೆ ನಗು ತಂದುಕೊಂಡರು.

"ಅಲ್ಲಮ್ಮಾ... ಕೂಸೇ... ತಪ್ಪು ತಿಳ್ಕೋಬೇಡ..."

ಹುಡುಗಿ ಮತ್ತೆ ತಡವರಿಸತೊಡಗಿದಳು.

ಚಿಕ್ಕಮ್ಮ ಜಗ್ಗಿನೊಳಗೆ ಇಣುಕಿದಳು. ಇನ್ನೂ ಅರ್ಧ ನೀರಿತ್ತು.