ಹತ್ತಿರದ ಗದ್ದೆ

"ಮೇಡಂ, ಬೇಜಾರು ಮಾಡ್ಕಬ್ಯಾಡ್ರಿ, ಒಂದು ಕೇಳಾದೈತೆ. ಕತ್ತಲಗೆರೆ ಮುರುಗೇಶಪ್ಪಾರ ಗದ್ದೆ ಐತಲ್ಲ, ಅದನ್ನ ನಮ್ಮ ಫೋನಿನ ಆಪು ದುರುಗೇಶನ ಮಂದೆಗೆ ಯಾಕೆ ಕೊಡ್ತು?"

ಸಂಘಮಿತ್ರಾ ಊಟದ ಡಬ್ಬಿ ತೊಳೆದುಕೊಂಡು ಬಂದಿದ್ದಳು. ಒದ್ದೆ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಮಾತಾಡುತ್ತಿದ್ದವನು ತಿಪ್ಪೇರುದ್ರ, ಜಗಳೂರು ತಾಲ್ಲೂಕು ಬಿಳಿಚೋಡಿನ ಕುರಿಗಾರರ ಸಂಘದ ಕಾರ್ಯದರ್ಶಿ. ಅವನ ಮುಖವನ್ನು ಅವಳು ನೋಡಿರಲಿಲ್ಲ. ದನಿ ಮಾತ್ರ ಚೆನ್ನಾಗಿ ಪರಿಚಯವಾಗಿತ್ತು. ಆ ದನಿಯ ಹಿಂದೆ ಯಾವಾಗಲೂ ಕುರಿಯ ಸದ್ದೋ ಬಸ್ಸಿನ ಸದ್ದೋ ಇರುತ್ತಿತ್ತು. ಇವತ್ತು ಏನೂ ಇರಲಿಲ್ಲ.

"ನೋಡ್ತೀನಿ ಇರಿ," ಎಂದು ಕಂಪ್ಯೂಟರಿನ ಮುಂದೆ ಕೂತಳು. "ದುರುಗೇಶ್ ಅವರ ಕುರಿ ಬಸವಾಪಟ್ಟಣದ ಹತ್ರ ಇದ್ದಾವೆ. ಕತ್ತಲಗೆರೆ ಅವರಿಗೆ ಹತ್ತಿರ. ಅದಕ್ಕೇ ಕೊಟ್ಟಿದೆ."

"ಹತ್ರ ಅಂಬೋದು ಸರಿ ಮೇಡಂ. ಆದ್ರೆ ಅದು ಚೌಡಮ್ಮನ ಗದ್ದೆ."

"ಚೌಡಮ್ಮನ ಗದ್ದೆಯಾ? ಮುರುಗೇಶಪ್ಪ ಅಂದ್ರಲ್ಲ?"

ತಿಪ್ಪೇರುದ್ರ ಬಿಡಿಸಿ ಹೇಳಿದ.

ಗದ್ದೆ ಮುರುಗೇಶಪ್ಪನದೇ. ಆದರೆ ಭತ್ತ ಕೊಯ್ದ ಮೇಲೆ ಆ ಗದ್ದೆಯಲ್ಲಿ ಒಂದು ರಾತ್ರಿ ಗೊಬ್ಬರಕ್ಕಾಗಿ ತರುಬಿ ಕೂಡಿಹಾಕುವುದು ಚೌಡಮ್ಮನ ಮಂದೆಯನ್ನೇ. ಮೊದಲು ಅವಳ ಗಂಡ ಅಂಜಿನಪ್ಪ ತರುಬುತ್ತಿದ್ದ. ಕೊರೊನಾ ಕಾಲದಲ್ಲಿ ಅದೇ ಗದ್ದೆಯಲ್ಲಿ ಅವನಿಗೆ ಎದೆನೋವು ಬಂತು. ಊರಿಗೆ ಹೆಣ ಸಾಗಿಸಲು ಗಾಡಿ ಸಿಗಲಿಲ್ಲ. ಮುರುಗೇಶಪ್ಪ ತನ್ನ ಗದ್ದೆಯ ಮೂಲೆಯಲ್ಲಿ, ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಲು ಜಾಗ ಕೊಟ್ಟ. ಅಂದಿನಿಂದ ಚೌಡಮ್ಮ ವರ್ಷಕ್ಕೊಂದು ರಾತ್ರಿ ತನ್ನ ಕುರಿಗಳೊಡನೆ ಅಲ್ಲಿ ಇದ್ದು ಹೋಗುತ್ತಾಳೆ.

"ಈ ವರ್ಷ ಆದ್ಮ್ಯಾಲೆ ಕುರಿ ಮಾರ್ತಾಳೆ. ಮಂಡಿ ಕೈ ಕೊಟ್ಟೈತೆ. ಮಗಳು ದಾವಣಗೆರೇಲಿ ನರ್ಸಿಂಗ್ ಓದ್ತೈತೆ, ಅದರ ಜತೆ ಇರಾಕೆ ಹೋಗ್ತಾಳೆ. ಇದೇ ಕೊನೇದು. ಈಗ ಕತ್ತಲಗೆರೆ ದಾರೀಲೇ ಅದಾಳೆ. ಬೇರೆ ಕಡೆ ಗದ್ದೆ ಐತಂತೆ ಅಂತ ಫೋನ್ ಮಾಡಿದ್ರೆ, ನನ್ ಗದ್ದೆ ನಂಗೆ ಗೊತ್ತಿಲ್ವೇನೋ ಅಂತ ನಕ್ಕಂಡು ಇಟ್ಳು."

"ನಾಳೆ ಕೊಡಬಹುದಲ್ಲ?"

"ನಾಳೆ ಭದ್ರಾ ನಾಲೆಗೆ ನೀರು ಬಿಡ್ತಾರೆ ಮೇಡಂ. ಗದ್ದೆ ತುಂಬತೈತೆ."

ಅವಳು ಕೋಡ್ ಬರೆಯುವ ಎಐ ಏಜೆಂಟಿಗೆ ಬರೆದಳು: ಪ್ರತಿವರ್ಷ ಒಂದೇ ಗದ್ದೆಗೆ ಬರುವ ಮಂದೆಗೆ ಆ ಗದ್ದೆ ಮೊದಲು ಸಿಗಬೇಕು. ಪರದೆಯ ಮೇಲೆ ಸಾಲುಗಳು ಓಡಿದವು, ಅಳಿಸಿಹೋದವು, ಮತ್ತೆ ಬಂದವು. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. ಬದಲಾವಣೆ ಮುಂದಿನ ಹಂಚಿಕೆಯಿಂದ ಜಾರಿಗೆ ಬರುತ್ತದೆ, ಈಗಾಗಲೇ ತಲುಪಿರುವ ಮಂದೆಗೆ ಅನ್ವಯಿಸುವುದಿಲ್ಲ ಎಂದು ಅದು ಸೌಜನ್ಯದಿಂದ ತಿಳಿಸಿತು. ದುರುಗೇಶನ ಮಂದೆ ಮಧ್ಯಾಹ್ನವೇ ತಲುಪಿತ್ತು.

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆಪು ಮಾಡಿಕೊಡುವ ಸತೀಶ್ ಕುಮಾರನ ಕಂಪನಿ ಇತ್ತು. ಮೊದಲು ಒಂದು ಕೆಲಸ ಹಿಡಿದರೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ನ್ಯಾಮತಿಯ ಹೊಲಿಗೆ ಸಂಘದ ಕೆಲಸಕ್ಕೆ ಸಂಘಮಿತ್ರಾ ಅದೆಷ್ಟೋ ಸಲ ಹೋಗಿ ಕೂತಿದ್ದಳು. ಅಲ್ಲಿ ಹನುಮಂತಮ್ಮ ಎಂಬಾಕೆ ಪ್ರತಿಸಲವೂ ಮಂಡಕ್ಕಿ ಕಲಸಿ ಕೊಡುತ್ತ, ಕನ್ನಡಕ ಮನೆಯಲ್ಲಿ ಮರೆತೆ ಎನ್ನುತ್ತಿದ್ದಳು. ಎಷ್ಟೋ ಭೇಟಿಯಾದ ಮೇಲೆ ಇವಳಿಗೆ ಹೊಳೆದದ್ದು, ಆಕೆಗೆ ಓದು ಬರುವುದಿಲ್ಲವೆಂದು. ಯಾರಿಗೂ ಹೇಳದೆ ಆಪಿನಲ್ಲಿ ಅಕ್ಷರವಿದ್ದಲ್ಲೆಲ್ಲ ಚಿತ್ರ ಇಟ್ಟುಕೊಟ್ಟಿದ್ದಳು. ಹನುಮಂತಮ್ಮ ಆಮೇಲೆ ಕನ್ನಡಕದ ಮಾತೆತ್ತಲಿಲ್ಲ.

ಈಗ ಕೋಡ್ ಬರೆಯುವುದು ಏಜೆಂಟು. ಗಿರಾಕಿಗಳು ತಮಗೆ ಬೇಕಾದ್ದನ್ನು ಫೋನಿನಲ್ಲಿ ಮಾತಾಡಿ ಕಳಿಸುತ್ತಾರೆ, ಸಂಘಮಿತ್ರಾ ಅದನ್ನು ತಿದ್ದಿ ಏಜೆಂಟಿಗೆ ಕೊಡುತ್ತಾಳೆ, ಸಂಜೆಗೆ ಹೊಸದು ಅವರ ಫೋನಿನಲ್ಲಿರುತ್ತದೆ. "ಇದು ರಜ ಕೇಳಲ್ಲ, ನಿನ್ನ ಥರ ಚಹಾ ಆರಿಸ್ಕೊಂಡು ಕುಡಿಯಲ್ಲ," ಎಂದು ಸತೀಶ್ ಅವಳನ್ನು ರೇಗಿಸುತ್ತಿದ್ದ. ಮಂದೆಗಳಿಗೆ ಗದ್ದೆ ಹಂಚುವ ಬಿಳಿಚೋಡಿನ ಆಪಿನ ಕೆಲಸ ಒಂದು ವಾರವೂ ಹಿಡಿಯಲಿಲ್ಲ. ಅಲ್ಲಿಗೆ ಹೋಗುವ ಪ್ರಮೇಯವೇ ಬರಲಿಲ್ಲ.

ಅವಳು ಹಳೆಯ ಮಾತುಕತೆಯನ್ನು ಹಿಂದಕ್ಕೆ ಸರಿಸುತ್ತ ಹೋದಳು. ಏಜೆಂಟು ಕೇಳಿತ್ತು. ಕೆಲಸ ಶುರುವಾದ ಮರುದಿನವೇ ಕೇಳಿತ್ತು: ಪ್ರತಿವರ್ಷ ಒಂದೇ ಗದ್ದೆಗೆ ಹೋಗುವ ಮಂದೆಗಳಿವೆಯೇ, ಅದಕ್ಕೆ ಏನಾದರೂ ಕಾರಣವಿರುತ್ತದೆಯೇ? ಅಂದು ಇನ್ನೂ ಬೇರೆ ಪ್ರಶ್ನೆಗಳಿದ್ದವು. ಅವಳು ಎಲ್ಲವನ್ನೂ ಚಿಕ್ಕದು ಮಾಡಿ ತಿಪ್ಪೇರುದ್ರನಿಗೆ ಫೋನಿನಲ್ಲಿ ಕೇಳಿದ್ದಳು: ಹಳೇ ಗದ್ದೆ ಕೊಡ್ಲಾ, ಹತ್ತಿರದ ಗದ್ದೆ ಕೊಡ್ಲಾ? ಅವನು ದನದಾಸ್ಪತ್ರೆಯಲ್ಲಿ ನಿಂತಿದ್ದ. "ಹತ್ರದ್ದೇ ಕೊಡ್ರಿ ಮೇಡಂ, ಕುರಿ ಕಾಲು ಸವೀತಾವೆ, ಮರಿಗಳು ಪಾಪ," ಎಂದಿದ್ದ. ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡು ಅವಳು ಹಾಗೇ ಬರೆದಿದ್ದಳು.

ಅವಳು ಎದ್ದು ಬ್ಯಾಗು ತೆಗೆದುಕೊಂಡಳು. ಸತೀಶ್ ತಲೆಯೆತ್ತಿದ. ವಿಷಯ ಕೇಳಿದ ಮೇಲೆ ಅವನು ರೇಗಿಸಲಿಲ್ಲ.

"ಹೋಗಿ ಏನು ಮಾಡ್ತೀಯ?"

"ಗೊತ್ತಿಲ್ಲ ಸರ್."

ಅವನು ತನ್ನ ಸ್ಕೂಟರಿನ ಕೀಲಿ ಕೊಟ್ಟ. ಅವಳು ಮೆಟ್ಟಿಲಿಳಿದ ಮೇಲೆ ಹಿಂದೆಯೇ ಬಂದು ಕುರ್ಚಿಯ ಮೇಲೆ ಹಾಕಿದ್ದ ತನ್ನ ಸ್ವೆಟರನ್ನೂ ಕೊಟ್ಟ. "ಬರೋವಾಗ ಚಳಿ ಇರುತ್ತೆ," ಎಂದ.

ಕತ್ತಲಗೆರೆ ತಲುಪುವಾಗ ಬಿಸಿಲು ಹಳದಿಯಾಗಿತ್ತು. ಕೊಯ್ದ ಗದ್ದೆಗಳ ಕೂಳೆ ಹೊಳೆಯುತ್ತಿತ್ತು. ನಾಲೆ ಒಣಗಿತ್ತು. ಅದರ ಏರಿಯ ಮೇಲೆ ಒಂದು ಮಂದೆ ನಿಂತಿತ್ತು, ಮುಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹೆಂಗಸೊಬ್ಬಳು ಕೋಲೂರಿ ನಿಂತಿದ್ದಳು. ಕೆಳಗಿನ ಗದ್ದೆಯಲ್ಲಿ ಸುತ್ತ ಬಲೆ ಕಟ್ಟಿ, ಒಳಗೆ ಇನ್ನೊಂದು ಮಂದೆ ಆಗಲೇ ಮಲಗಿ ಮೆಲುಕು ಹಾಕುತ್ತಿತ್ತು. ಬಲೆಯ ಒಳಗೇ, ಆ ಮೂಲೆಯಲ್ಲಿ ಹೊಂಗೆ ಮರವಿತ್ತು.

ಬದುವಿನ ಮೇಲೆ ಮುರುಗೇಶಪ್ಪ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. "ನಮ್ಮ ಸೊಸೆ ಹೇಮಾವತಿ ಫೋನ್ ಹಿಡಿದು ತೋರಿಸ್ತು. ಕುರಿ ಬೇಕು ಅಂತ ಒಂದು ಕಡೆ ಇತ್ತು. ಒತ್ತಿದೆ. ಕುರಿ ಅಂದ್ರೆ ನೀನೇ ಅಲ್ವೇನಮ್ಮ? ಬೇರೆ ಯಾರನ್ನ ಕರೆದಿದ್ದೆ ನಾನು ಇಷ್ಟು ವರ್ಷ? ಈಗ ಬಂದು ನೋಡಿದ್ರೆ ಈತ ಬಲೆ ಕಟ್ಟಿಯಾಗೈತೆ."

"ಬಿಡ್ರಿ ಗೌಡ್ರೆ," ಎಂದಳು ಚೌಡಮ್ಮ.

"ಹೇಮಾವತೀನೂ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕಳಿಸಿದ್ಳು ನಿನಗೆ ಅಂತ."

"ಅದನ್ನೂ ನಾನೇ ಉಂಡೀನಿ ಚೌಡಮ್ಮಕ್ಕ," ಎಂದ ದುರುಗೇಶ. ಬಲೆಯ ಆಚೆ ನಿಂತು ನೆಲ ನೋಡುತ್ತಿದ್ದ. "ಇಷ್ಟು ಚೆನ್ನಾಗಿ ನೋಡ್ಕತಾರಲ್ಲ, ಒಳ್ಳೇ ಜನ ಅಂತ ಎರಡು ರೊಟ್ಟಿ ಜಾಸ್ತೀನೇ ತಿಂದೆ. ನಿಂದು ಅಂತ ಗೊತ್ತಿದ್ರೆ ಗಂಟಲಾಗೆ ಇಳೀತಿತ್ತಾ?"

"ಉಂಡಿದ್ದು ಒಳ್ಳೇದಾತು. ನೀನೂ ಮೂಳೆ ಮೂಳೆ ಆಗೀಯ. ಹೆಂಡ್ತಿ ಹಾಕ್ತಾಳೋ ಇಲ್ವೋ."

ದುರುಗೇಶ ನಗಲು ನೋಡಿದ. ಆಮೇಲೆ ಬಗ್ಗಿ ಬಲೆಯ ಗೂಟ ಕೀಳತೊಡಗಿದ. ಒಂದು ಗೂಟ ಬಂತು. ಹತ್ತಿರ ಮಲಗಿದ್ದ ಕುರಿಗಳು ದಡಬಡಿಸಿ ಎದ್ದವು. ಅವುಗಳ ನಡುವೆ ಒಂದು ಕುರಿ ಮಾತ್ರ ಏಳಲಿಲ್ಲ. ಅದರ ಮಗ್ಗುಲಲ್ಲಿ ಆಗತಾನೆ ಹುಟ್ಟಿದ ಮರಿ, ಇನ್ನೂ ಮೈ ಒಣಗಿರಲಿಲ್ಲ, ಎದ್ದು ನಿಲ್ಲಲು ಹೋಗಿ ಮುಂಗಾಲಿನ ಮೇಲೆ ಕುಸಿಯಿತು.

"ಏಯ್, ಬಿಡು," ಎಂದಳು ಚೌಡಮ್ಮ. "ಈದ ಕುರಿ ಎಬ್ಬಿಸಿ ಎಲ್ಲಿಗೆ ಹೊಡ್ಕಂಡು ಹೋಗ್ತೀಯ ಈಗ?"

"ಎತ್ಕಂಡು ಹೋಗ್ತೀನಿ ಅಕ್ಕ."

"ಬ್ಯಾಡ. ಮಲಗಿದ ಮಂದೆ ಎಬ್ಬಿಸಬಾರ್ದು. ಆತ ಇದ್ರೂ ಇದೇ ಹೇಳ್ತಿದ್ದ. ಗೂಟ ಹೊಡಿ."

ದುರುಗೇಶ ಗೂಟ ಹಿಡಿದು ಹಾಗೇ ನಿಂತ. ಅವಳು ಮತ್ತೊಮ್ಮೆ ಹೇಳಿದ ಮೇಲೆ ಕಲ್ಲು ತೆಗೆದುಕೊಂಡು ಹೊಡೆದ. ಸದ್ದಾಗದಂತೆ ಮೆಲ್ಲಗೆ ಹೊಡೆದ.

ಸಂಘಮಿತ್ರಾ ಏರಿಯ ಮೇಲೆ ಚೌಡಮ್ಮನ ಹತ್ತಿರ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು.

"ಆ ಆಪು ಮಾಡಿದ್ದು ನಾವೇ ಅಮ್ಮಾ. ಹೊನ್ನಾಳಿಯಿಂದ ಬಂದೆ."

ಚೌಡಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಗಂಡಸರ ಸ್ವೆಟರು ಅವಳ ಮೊಣಕಾಲಿಗೆ ಬರುತ್ತಿತ್ತು.

"ಇಷ್ಟು ದೂರ ಬಂದ್ಯಾ ಯವ್ವಾ? ಫೋನಿನಾಗೆ ಒಬ್ಬಾಕಿ ಮಾತಾಡ್ತಾಳಲ್ಲ, ಗದ್ದೆ ಅಲ್ಲೈತೆ ಇಲ್ಲೈತೆ ಅಂತ, ಅದು ನೀನೇನಾ?"

"ನಾನಲ್ಲ. ಅದು ಮಿಷನ್ನು."

"ಹೂಂ. ಬಾಳ ನೈಸಾಗಿ ಮಾತಾಡ್ತೈತೆ. ನಾನೂ ಸುಮ್ಕೆ ಹೂಂ ಹೂಂ ಅಂದೆ." ಅವಳು ಮಂಡಿ ಒತ್ತಿಕೊಂಡಳು. "ಕುರಿ ಕಾಲು ಸವೀಬಾರ್ದು ಅಂತ ಮಾಡೀರಂತೆ. ತಿಪ್ಪೇರುದ್ರ ಹೇಳ್ದ. ಅದು ಒಳ್ಳೇದೇ ಅಲ್ವಾ. ನಮ್ಮಂಥೋರ ಕುರಿ ಕಾಲು ಯಾರು ನೋಡ್ತಾರೆ?"

"ಒಂದು ಸಲ ಊರಿಗೆ ಬಂದು ನಿಮ್ಮನ್ನೆಲ್ಲ ಕೇಳಬೇಕಿತ್ತು."

"ಬಂದಿದ್ರೆ ನಾನು ಹೇಳ್ತಿದ್ದೆ ಅಂತೀಯ? ಇಂಥದ್ದನ್ನೆಲ್ಲ ಯಾರಿಗೆ ಹೇಳಾಕೆ ಬರ್ತೈತೆ." ಕಂಬಳಿ ಸರಿಪಡಿಸಿಕೊಂಡು, "ರೊಟ್ಟಿ ಅಂತೂ ಹಾಕ್ತಿದ್ದೆ," ಎಂದಳು.

ಬಿಸಿಲು ಪೂರ್ತಿ ಇಳಿಯಿತು. ಮುರುಗೇಶಪ್ಪ ಮನೆಯ ಹಿತ್ತಲಲ್ಲಿ ಕುರಿ ಕೂಡಿಸು, ಜಾಗ ಮಾಡಿಸ್ತೀನಿ ಎಂದು ಹೇಳಿ ಊರ ಕಡೆ ಹೊರಟ. ಹೋಗುತ್ತ ಹೋಗುತ್ತ ಟವೆಲಿನಿಂದ ಮುಖ ಒರೆಸಿಕೊಂಡ. ಚೌಡಮ್ಮ ಗದ್ದೆಯ ಕಡೆ ನೋಡಿದಳು. ಕೋಲನ್ನು ಸಂಘಮಿತ್ರಾಳ ಕೈಗೆ ಕೊಟ್ಟಳು.

"ಸ್ವಲ್ಪ ಹಿಡ್ಕ ತಾಯಿ. ಬಂದೆ. ಏನೂ ಮಾಡಬ್ಯಾಡ, ಸುಮ್ಕೆ ನಿಂತ್ಕ ಸಾಕು."

ಅವಳು ನಾಲೆಯ ಏರಿಯಿಂದ ಗದ್ದೆಗೆ ಇಳಿದಳು. ಮಂಡಿ ಮಡಚಲಾರದೆ ಪಕ್ಕಕ್ಕೆ ವಾಲುತ್ತ ಇಳಿದಳು. ದುರುಗೇಶ ಓಡಿಬಂದು ಬಲೆಯನ್ನು ಕೆಳಕ್ಕೆ ಒತ್ತಿ ಹಿಡಿದ, ಅವಳು ದಾಟಿದಳು. ಒಳಗೆ ಮಲಗಿದ್ದ ಕುರಿಗಳು ಅವಳನ್ನು ಅರಿಯದವು. ಅವಳು ಹೆಜ್ಜೆಯಿಟ್ಟಲ್ಲೆಲ್ಲ ಬೆದರಿ ಎದ್ದು ದಾರಿ ಬಿಟ್ಟು ದೂರ ಸರಿದು ನಿಂತವು. ಹೊಂಗೆ ಮರದ ಬುಡಕ್ಕೆ ಹೋಗಿ ಅವಳು ಕಂಬಳಿ ಹಾಸಿ ಕೂತಳು. ಸುತ್ತ ಒಂದಿಷ್ಟು ಜಾಗ ಖಾಲಿ ಉಳಿಯಿತು.

ಏರಿಯ ಮೇಲೆ ಸಂಘಮಿತ್ರಾ ಕೋಲು ಹಿಡಿದು ನಿಂತಿದ್ದಳು. ಚೌಡಮ್ಮನ ಅಂಗೈ ಊರಿದ್ದ ಕಡೆ ಕೋಲು ಇನ್ನೂ ಬೆಚ್ಚಗಿತ್ತು. ಕುರಿಗಳು ಅವಳ ಸುತ್ತ ಒತ್ತಿಕೊಂಡು ಬಂದವು. ಒಂದೂ ಮೇಯಲಿಲ್ಲ, ಒಂದೂ ಮಲಗಲಿಲ್ಲ. ಮಬ್ಬಿನಲ್ಲಿ ಎಲ್ಲವೂ ಹೊಂಗೆ ಮರದ ಕಡೆ ಮುಖ ಮಾಡಿ ನಿಂತಿದ್ದವು.